ಟೆಂಪೊ ನಿಲ್ಲುವ ಜಾಗದಲ್ಲಿ ಕೂಸಿನ ಮನೆ

ಪಂಚಾಯಿತಿ ಕಚೇರಿಯ ಹಿಂದಿನ ಕೋಣೆಯಲ್ಲಿ ಮಾಡಿದ ಕೂಸಿನ ಮನೆಗೆ ಉದ್ಘಾಟನೆಯ ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನೋಡಿದೆ. ಗೋಡೆಯ ಮೇಲೆ ಆನೆ, ಮೊಲ, ಚಿಟ್ಟೆ ಎಲ್ಲ ಇದ್ದವು. ಹೊಸ ಚಾಪೆ, ಆಟಿಕೆ, ಕುಕ್ಕರು, ನೀರಿನ ಫಿಲ್ಟರು, ಸ್ಟೀಲಿನ ತೊಟ್ಟಿಲು ಇದ್ದವು. ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದು ಬಂದಿದ್ದ ಇಬ್ಬರು ಹೆಂಗಸರು ಬಾಗಿಲಲ್ಲೇ ಕೂತಿದ್ದರು. ಮಕ್ಕಳು ಮಾತ್ರ ಒಂದೂ ಇರಲಿಲ್ಲ.

“ಇವತ್ತು ಮೊದಲ್ನೇ ದಿನ ಅಲ್ವಾ ಸಾರ್, ಬರ್ತಾರೆ ಬಿಡಿ,” ಎಂದರು ಇಬ್ಬರಲ್ಲಿ ಹಿರಿಯಾಕೆ.

ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಬಂದು, ಗೋಡೆಯ ಆನೆಯನ್ನು ತೋರಿಸಿ, ಊಟದ ಹೊತ್ತಿಗೆ ಮನೆಗೆ ಹೋಗುತ್ತಿದ್ದರು. ಅಷ್ಟೇ.

ನಾನು ಮುಳಬಾಗಿಲು ತಾಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಜನ ಪಿಡಿಓ ಎನ್ನುತ್ತಾರೆ. ಚರಂಡಿ ಕಟ್ಟಿಕೊಂಡರೆ ಏನು ಮಾಡಬೇಕು, ಕಂದಾಯ ಕಟ್ಟದವರ ಹತ್ತಿರ ಹೇಗೆ ಮಾತಾಡಬೇಕು ಎಂಬುದು ನನಗೆ ಗೊತ್ತು. ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ಪೂರ್ತಿ ನೋಡಿಕೊಳ್ಳುವ ಜಾಗವೊಂದನ್ನು ನಡೆಸುವುದು ಗೊತ್ತಿರಲಿಲ್ಲ. ಕೂಲಿಗೆ ಹೋಗುವ ತಾಯಂದಿರಿಗಾಗಿ ಸರ್ಕಾರ ಮಾಡಿದ ಯೋಜನೆ ಇದು. ಮೂರು ವರ್ಷ ದಾಟಿದ ಮಕ್ಕಳು ಅಂಗನವಾಡಿಗೆ ಹೋಗಿ ಕೂರುತ್ತಾರೆ, ಅದಕ್ಕಿಂತ ಚಿಕ್ಕವರಿಗೆ ಹಳ್ಳಿಯಲ್ಲಿ ಅಂಥ ಜಾಗವಿರಲಿಲ್ಲ. ಕೋಣೆ ಸಿದ್ಧ ಮಾಡಲು, ಸಾಮಾನು ಕೊಳ್ಳಲು, ಮಕ್ಕಳ ಊಟಕ್ಕೆ ಎಂದು ಅನುದಾನ ಬರುತ್ತದೆ. ನೋಡಿಕೊಳ್ಳುವವರ ಕೂಲಿ ಉದ್ಯೋಗ ಖಾತರಿಯಿಂದ ಸಿಗುತ್ತದೆ. ಮುಂದೆ ಪಂಚಾಯಿತಿ ತನ್ನ ವರಮಾನದಿಂದಲೇ ನಡೆಸಿಕೊಂಡು ಹೋಗಬೇಕು. ಮೊದಲ ಕಂತು ನಮಗೆ ಬಂದಿತ್ತು. ಮಕ್ಕಳೇ ಬಾರದ ಕಡೆಗೆ ಎರಡನೆಯ ಕಂತು ಬರುವುದು ಅನುಮಾನ ಎಂಬ ಮಾತು ತಾಲೂಕು ಕಚೇರಿಯಲ್ಲಿ ಆಗಲೇ ಓಡಾಡುತ್ತಿತ್ತು. ಅದೂ ನ್ಯಾಯವೇ. ಖಾಲಿ ಕೋಣೆಗೆ ಯಾರು ಯಾಕೆ ಹಣ ಕೊಡಬೇಕು?

ಮುಳಬಾಗಿಲಿನಲ್ಲಿ ತಿಂಗಳ ಸಭೆ ಮುಗಿಸಿ ಟೀ ಕುಡಿಯುವಾಗ ಇನ್ನೊಂದು ಪಂಚಾಯಿತಿಯ ಪಿಡಿಓ ನನ್ನ ಮುಖ ನೋಡಿ ನಕ್ಕರು. “ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರ? ಅಂಗನವಾಡಿ ಮಕ್ಕಳನ್ನ ಅರ್ಧ ಗಂಟೆ ಕರ್ಕೊಂಡ್ಬನ್ನಿ, ಕೂರ್ಸಿ ಫೋಟೊ ತೆಗೀರಿ. ದಿನಾ ಒಂದು ಫೋಟೊ ಹೋದ್ರೆ ಯಾರೂ ಕೇಳಲ್ಲ.”

ನಾನು ಈ ಮಾತನ್ನು ನಮ್ಮ ಪಂಚಾಯಿತಿಯ ಅಧ್ಯಕ್ಷೆಗೆ ಹೇಳಿದೆ. ಅವರು ಹೇಗೂ ಯಾರ ಬಾಯಿಂದಲಾದರೂ ಕೇಳುತ್ತಿದ್ದರು. ಅಧ್ಯಕ್ಷೆ ಟಮೋಟ ಬೆಳೆಯುವ ಮನೆಯವರು. ಮನೆಯಲ್ಲಿ ತೆಲುಗು, ಸಭೆಯಲ್ಲಿ ಕನ್ನಡ, ಕೋಪ ಬಂದರೆ ಎರಡೂ.

“ಯಾರೋ ಹೆತ್ತಿರೋ ಮಕ್ಕಳನ್ನ ಬಾಡಿಗೆಗೆ ತಂದು ಕೂರ್ಸೋದಾ? ವದ್ದು ಸಾರ್, ಆ ಕೆಲ್ಸ ಬೇಡ,” ಎಂದರು. “ಮಕ್ಕಳು ಯಾಕೆ ಬರ್ತಿಲ್ಲ, ಅದನ್ನ ನೋಡೋಣ ಮೊದ್ಲು.”

ನೋಡುವುದಕ್ಕೆ ಹೊರಟೆವು. ಹಿರಿಯ ಆರೈಕೆದಾರರು, ಅವರ ಜೊತೆಯ ಕಿರಿಯಾಕೆ ಮತ್ತು ನಾನು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಊರಿನ ಆಚೆ, ಕೂಲಿಯವರಿರುವ ಕಾಲೋನಿಯ ಮನೆಮನೆಗೆ ಹೋದೆವು. ಒಂದರ ಪಕ್ಕ ಒಂದು ಬೀಗ. ಬೇವಿನ ಮರದ ಕೆಳಗೆ ಕೂತಿದ್ದ ಮುದುಕರೊಬ್ಬರು ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು.

“ಯಾರ್ನ ಹುಡುಕ್ತಿದ್ದೀರ? ಎಲ್ಲಾ ಟಮೋಟಕ್ಕೆ ಹೋಗವ್ರೆ.”

“ಮಕ್ಕಳು?”

“ಮಕ್ಕಳೂ ಅವರ ಜೊತೇಲೇ. ಇಲ್ಲಿ ಯಾರ ಹತ್ರ ಬಿಡ್ತಾರೆ? ನನ್ ಹತ್ರ ಬಿಟ್ರೆ ನಾನೇ ಮಲಗಿಬಿಡ್ತೀನಿ. ಬೆಳಕು ಹರಿಯೋ ಹೊತ್ಗೇ ಟೆಂಪೊ ಬರ್ತೈತೆ. ಆವಾಗ ಬನ್ನಿ, ಎಲ್ಲಾರೂ ಸಿಗ್ತಾರೆ.”

ಮರುದಿನ ನಸುಕಿನಲ್ಲಿ ಮುಳಬಾಗಿಲಿನಿಂದ ಸ್ಕೂಟರಿನಲ್ಲಿ ಹೊರಟೆ. ಹೆದ್ದಾರಿಯಲ್ಲಿ ಆಂಧ್ರದ ಕಡೆಗೆ ಹೋಗುವ ಲಾರಿಗಳು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಾಲೋನಿಯ ಸಮುದಾಯ ಭವನದ ಮುಂದೆ ಟೆಂಪೊ ನಿಂತಿತ್ತು. ಹೆಂಗಸರು ತಲೆಗೆ ಟವೆಲ್ ಸುತ್ತಿ, ಮೇಲೆ ಗಂಡಸರ ಹಳೆಯ ಷರಟು ತೊಟ್ಟು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹತ್ತುತ್ತಿದ್ದರು. ಕೆಲವರ ಸೊಂಟದಲ್ಲಿ ಮಕ್ಕಳು ಇನ್ನೂ ನಿದ್ದೆಯಲ್ಲೇ ಇದ್ದವು. ಮೇಲೆ ಹತ್ತಿದವಳು ಕೆಳಗಿದ್ದವಳ ಮಗುವನ್ನು ಇಸಿದುಕೊಳ್ಳುವುದು, ಅವಳು ಹತ್ತುವುದು, ಮಗುವನ್ನು ವಾಪಸು ಕೊಡುವುದು. ಯಾರೂ ಮಾತಾಡದೆ ಇದೆಲ್ಲ ನಡೆಯುತ್ತಿತ್ತು.

ಒಬ್ಬ ತಾಯಿಯನ್ನು ಕೇಳಿದೆ, “ಯಾಕಮ್ಮಾ, ಕೂಸಿನ ಮನೆ ಮಾಡಿದೀವಲ್ಲ, ಅಲ್ಲಿ ಬಿಡಬಹುದಲ್ಲ?”

“ನೀವು ತೆಗೆಯೋದು ಹತ್ತಕ್ಕೆ. ನಾವು ಆರಕ್ಕೆ ಹತ್ತಬೇಕು,” ಎಂದಳು ಆಕೆ. ದೂರುವ ದನಿಯೇನೂ ಅಲ್ಲ, ನನಗೆ ಗೊತ್ತಿಲ್ಲದ್ದನ್ನು ತಿಳಿಸಿದ ದನಿ. “ಅಲ್ಲೀಗಂಟ ಎಲ್ಲಿ ಬಿಡ್ಲಿ ಸಾರ್? ಅದೂ ಅಲ್ದೆ ನಿಮ್ಮ ರೂಮು ಊರಿನ ಆ ಕಡೆ ಐತೆ. ಅಲ್ಲಿಗೆ ಹೋಗಿ ಬರೋಷ್ಟ್ರಲ್ಲಿ ಟೆಂಪೊ ಇರಲ್ಲ.”

ಆ ಸಮಯವನ್ನು ಗೊತ್ತು ಮಾಡಿದ್ದು ನಾವೇ. ಪಂಚಾಯಿತಿ ಕಚೇರಿ ಹತ್ತಕ್ಕೆ ತೆಗೆಯುತ್ತದೆ, ಹಿಂದಿನ ಕೋಣೆಯೂ ಹತ್ತಕ್ಕೇ ತೆಗೆಯಲಿ ಎಂದುಕೊಂಡಿದ್ದೆವು. ಬೀಗದ ಕೈ ಕಚೇರಿಯಲ್ಲೇ ಇರುತ್ತದಲ್ಲ.

ಟೆಂಪೊ ಹೊರಟಿತು. ನಾನೂ ಸ್ಕೂಟರಿನಲ್ಲಿ ಹಿಂದೆ ಹೋದೆ. ಯಾಕೆ ಹೋದೆನೋ, ಹೋಗದೆ ಕಚೇರಿಗೆ ಬಂದು ಕೂರಲು ಮನಸ್ಸಾಗಲಿಲ್ಲ.

ತೋಟದಲ್ಲಿ ಕಡ್ಡಿ ನೆಟ್ಟು ಕಟ್ಟಿದ ಟಮೋಟ ಸಾಲುಗಳು. ಹಣ್ಣು ಕಿತ್ತು ಕ್ರೇಟಿಗೆ ತುಂಬಿ ಬೇಗ ಮಾರುಕಟ್ಟೆಗೆ ಕಳಿಸಬೇಕು, ಹೊತ್ತೇರಿದರೆ ಹರಾಜು ತಪ್ಪುತ್ತದೆ. ಹೆಂಗಸರು ಇಳಿದವರೇ ಸಾಲು ಹಿಡಿದರು. ಮಾತಾಡಿದ್ದ ಆ ತಾಯಿ ಮಾತ್ರ ಮೊದಲು ಹೊಂಗೆಮರದ ಬುಡಕ್ಕೆ ಹೋದಳು. ಮಗನನ್ನು ಗೋಣಿಚೀಲದ ಮೇಲೆ ಕೂರಿಸಿದಳು. ಹಳೆಯ ಸೀರೆಯ ಉದ್ದನೆಯ ಪಟ್ಟಿಯೊಂದನ್ನು ಅವನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟಿದಳು. ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು. ಒಂದೂವರೆ ವರ್ಷದವನಿರಬೇಕು. ಅವನಿಗೆ ಅದು ಅಭ್ಯಾಸವಾಗಿತ್ತು. ತಾನೇ ಸೊಂಟ ತಿರುಗಿಸಿ ಕೊಟ್ಟ.

ಮರದಿಂದ ಸ್ವಲ್ಪವೇ ಆಚೆ ಕೃಷಿ ಹೊಂಡ. ಕಪ್ಪು ಪ್ಲಾಸ್ಟಿಕ್ ಹಾಸಿದ, ಕಾಲಿಟ್ಟರೆ ಜಾರುವ ಇಳಿಜಾರಿನ ಹೊಂಡ. ನಮ್ಮ ಕಡೆ ತೋಟ ಇದ್ದಲ್ಲಿ ಹೊಂಡ ಇದ್ದೇ ಇರುತ್ತದೆ. ಸುತ್ತ ಬೇಲಿ ಇರಲಿಲ್ಲ.

“ಕಟ್ಟಿದ್ರೆ ಅಳ್ತಾನೆ ಸಾರ್,” ಎಂದಳು ಆಕೆ, ನಾನು ನೋಡುತ್ತಿರುವುದನ್ನು ಕಂಡು. “ಅತ್ರೆ ಪರವಾಗಿಲ್ಲ. ಅವನು ಅಳೋದು ಕೇಳಿಸ್ತಿದ್ರೆ ನನಗೆ ಕೈ ಓಡ್ತದೆ. ಸುಮ್ನಾದ್ರೇನೇ ಭಯ.”

ನಾನು ಅವತ್ತು ಕಚೇರಿಗೆ ಬಂದು ತಾಲೂಕು ಪಂಚಾಯಿತಿಯ ಅಧಿಕಾರಿಗೆ ಫೋನು ಮಾಡಿದೆ. ಸಮಯ ಬೆಳಿಗ್ಗೆ ಆರಕ್ಕೆ ಬದಲಾಯಿಸುತ್ತೇನೆ, ಜಾಗವನ್ನು ಸಮುದಾಯ ಭವನಕ್ಕೆ ಸಾಗಿಸುತ್ತೇನೆ ಎಂದೆ.

“ಸಮಯ ನಿಮ್ಮ ಪಂಚಾಯಿತಿಗೆ ಬಿಟ್ಟಿದ್ದು. ಜಾಗದ ವಿಷಯದಲ್ಲಿ ಹುಷಾರು,” ಎಂದರು ಅವರು. “ಈಗಾಗ್ಲೇ ಒಂದು ಕೋಣೆಗೆ ಅನುದಾನ ಖರ್ಚು ಹಾಕಿದೀರ. ಅದನ್ನ ಬಿಟ್ಟು ಇನ್ನೊಂದು ಕಡೆ ಹೋದ್ರೆ ಆಡಿಟ್‌ನವರು ಕೇಳೇ ಕೇಳ್ತಾರೆ. ಆಕ್ಷೇಪಣೆ ಬರೆದ್ರೆ ವಸೂಲಿ ನಿಮ್ಮ ಸಂಬಳದಿಂದ. ಬೇಡ ಅಂತ ನಾನು ಹೇಳ್ತಿಲ್ಲ. ಗೊತ್ತಿರ್ಲಿ ಅಂತ ಹೇಳ್ದೆ.”

ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಮುಳಬಾಗಿಲಿನಲ್ಲೇ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ನಾನು ಧೈರ್ಯದ ಮಾತು ಬಯಸಿದ್ದೆ, ಅವರು ಕೊಟ್ಟದ್ದು ವಿಧಾನ.

“ಪ್ಲಗ್ ಪಾಯಿಂಟು, ಸುಣ್ಣಬಣ್ಣ ಬಿಟ್ರೆ ಉಳಿದದ್ದೆಲ್ಲ ಹೊತ್ಕೊಂಡು ಹೋಗೋ ಸಾಮಾನು ತಾನೇ?” ಎಂದರು. “ಆ ಕೋಣೇನ ಖಾಲಿ ಬಿಡಬೇಡ ಕಣೋ. ಪಕ್ಕದ ಅಂಗನವಾಡಿಗೆ ಕೊಟ್ಬಿಡು. ಮಕ್ಕಳಿಗೆ ಅಂತ ಖರ್ಚು ಮಾಡಿದ ಕೋಣೇಲಿ ಮಕ್ಕಳೇ ಇರ್ತಾರೆ. ಸಭೇಲಿ ಇಟ್ಟು, ಕಾರಣ ಪೂರ್ತಿ ಬರ್ಸು. ಆಮೇಲೆ ಯಾರು ಏನು ಕೇಳಿದ್ರೂ ಉತ್ತರ ಇರುತ್ತೆ.”

ಅಂಗನವಾಡಿಯವರು ಬಹಳ ದಿನದಿಂದ ಇಕ್ಕಟ್ಟಿನಲ್ಲಿದ್ದರು. ಕೋಣೆ ಸಿಗುತ್ತದೆಂದು ಕೇಳಿ ಅಲ್ಲಿನ ಕಾರ್ಯಕರ್ತೆ ಸಭೆಯ ದಿನ ತಾವೂ ಬಂದು ಹಿಂದಿನ ಸಾಲಿನಲ್ಲಿ ಕೂತರು.

ಸಭೆಯಲ್ಲಿ ಸಮಯದ ಬಗ್ಗೆ ಯಾರದೂ ತಕರಾರು ಬರಲಿಲ್ಲ. ಜಾಗದ ಮಾತು ಬಂದ ಕೂಡಲೇ ಹಿರಿಯ ಸದಸ್ಯರೊಬ್ಬರು ಕುರ್ಚಿಯಿಂದ ಮುಂದೆ ಬಾಗಿದರು. ಸಮುದಾಯ ಭವನದಲ್ಲಿ ಮದುವೆ, ತಿಥಿ ನಡೆಯುತ್ತವೆ, ಆಗ ಮಕ್ಕಳನ್ನು ಎಲ್ಲಿಡುತ್ತೀರಿ ಎಂದು ಶುರು ಮಾಡಿದರು. ಹಿಂದಿನ ಸಣ್ಣ ಹಾಲ್ ಮಾತ್ರ ನಮಗೆ ಸಾಕು, ಅದಕ್ಕೆ ಬೇರೆ ಬಾಗಿಲಿದೆ ಎಂದೆ. ಆಗ ಅವರು ನಿಜವಾದ ಮಾತಿಗೆ ಬಂದರು.

“ಅದು ಕಾಲೋನಿ ಅಲ್ವಾ ಸಾರ್. ಊರಿನೋರು ಅಲ್ಲಿಗೆ ಮಕ್ಕಳನ್ನ ಕಳಿಸ್ತಾರಾ? ಸರ್ಕಾರದ ದುಡ್ಡು ಎಲ್ಲಾರ್ಗೂ ತಾನೇ?”

ಕಾಲೋನಿಯಿಂದ ಆರಿಸಿ ಬಂದಿದ್ದ ಸದಸ್ಯೆ ಅಧ್ಯಕ್ಷೆಯ ಕಡೆ ತಿರುಗಿದರು. ಹಿರಿಯ ಆರೈಕೆದಾರರು ಬಾಗಿಲ ಬಳಿ ನಿಂತಿದ್ದರು. ಅವರ ಮನೆಯೂ ಕಾಲೋನಿಯಲ್ಲೇ. ಅವರು ನೆಲ ನೋಡುತ್ತಿದ್ದರು.

ಅಧ್ಯಕ್ಷೆ ಮೈಕನ್ನು ಪಕ್ಕಕ್ಕೆ ಸರಿಸಿದರು.

“ಅನ್ನಾ, ಇಷ್ಟು ದಿನ ಊರೊಳಗೇ ಇತ್ತಲ್ಲ. ಆವಾಗ ಯಾರು ಕಳಿಸಿದ್ರು? ನೀವು ಕಳಿಸಿದ್ರಾ?” ಎಂದರು. “ನಮ್ಮ ತೋಟಕ್ಕೂ ಅದೇ ಟೆಂಪೊ ಬರ್ತದೆ, ನಿಮ್ಮ ತೋಟಕ್ಕೂ ಅದೇ ಬರ್ತದೆ. ನಮ್ಮ ಹೊಂಡದ ಪಕ್ಕದಲ್ಲೇ ಆ ಬಿಡ್ಡಲು ಕೂತಿರ್ತವೆ. ಆ ಮಕ್ಕಳಿಗೆ ನಾಳೆ ಏನಾದ್ರೂ ಆದ್ರೆ ಊರು ಯಾವ್ದು, ಕಾಲೋನಿ ಯಾವ್ದು ಅಂತ ಯಾರೂ ಕೇಳಲ್ಲ. ಯಾರ ಹೊಂಡ ಅಂತ ಕೇಳ್ತಾರೆ. ಕಳಿಸೋರು ಕಳಿಸ್ಲಿ, ಬಿಡೋರು ಬಿಡ್ಲಿ. ಸಾರ್, ಬರ್ಕೊಳ್ಳಿ.”

ಬರೆದುಕೊಂಡೆ. ಹಿರಿಯ ಸದಸ್ಯರು ವಿರೋಧವೆಂದು ದಾಖಲಿಸಲು ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ.

ಆಮೇಲಿನ ದಿನಗಳು ಓಡಾಟದಲ್ಲೇ ಹೋದವು. ಆ ಸಣ್ಣ ಹಾಲ್‌ನ ಶೌಚಾಲಯಕ್ಕೆ ನೀರಿರಲಿಲ್ಲ, ನೀರುಗಂಟಿಯನ್ನು ಕರೆದು ಮುಖ್ಯ ಪೈಪಿನಿಂದ ಸಂಪರ್ಕ ಎಳೆಸಿದೆ. ಮಕ್ಕಳ ಕೈಗೆ ಸಿಗುವಂತಿದ್ದ ಪ್ಲಗ್ ಪಾಯಿಂಟುಗಳನ್ನು ಆಳೆತ್ತರಕ್ಕೆ ಏರಿಸಿದೆವು. ಕಿಟಕಿಗೆ ಸೊಳ್ಳೆ ಜಾಲರಿ, ಬಾಗಿಲಿಗೆ ಮೊಣಕಾಲೆತ್ತರದ ಹಲಗೆಯ ತಡೆ. ಒಲೆಯನ್ನು ಒಳಗಿಡದೆ ಹಿಂದಿನ ಜಗಲಿಗೆ ಶೀಟು ಹಾಕಿಸಿ ಅಲ್ಲಿಟ್ಟೆವು. ಹಿರಿಯ ಆರೈಕೆದಾರರು ಸ್ಟೀಲಿನ ತೊಟ್ಟಿಲನ್ನು ನೋಡಿ, “ಇದ್ರಲ್ಲಿ ನಮ್ಮ ಮಕ್ಕಳು ಮಲಗಲ್ಲ ಸಾರ್, ಜೋಲಿ ಬೇಕು,” ಎಂದರು. ಸೀರೆಯ ಜೋಲಿ ಕಟ್ಟಬೇಕಾದರೆ ಸೂರಿನಲ್ಲಿ ಕೊಕ್ಕೆ ಬೇಕು. ಕೊಕ್ಕೆ ಹಾಕಿಸಿದ ಮೇಲೆ ಅವು ಭಾರ ತಡೆಯುತ್ತವೆಯೇ ಎಂಬ ಪ್ರಶ್ನೆ ಎದ್ದಿತು. ಹಗ್ಗ ಹಾಕಿ ಒಂದೊಂದಕ್ಕೂ ನಾನೇ ಜೋತುಬಿದ್ದು ನೋಡಿದೆ. ಕಿರಿಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದಳು. ಜಗಲಿಯಿಂದ ನಗು ಕೇಳಿಸಿತು.

ಬೆಳಿಗ್ಗೆ ಆರಕ್ಕೆ ಬರುವುದು ಅವಳಿಗೇ ಕಷ್ಟವಾಗಿತ್ತು. ಹಸು ಕರೆದು ಡೈರಿಗೆ ಹಾಲು ಹಾಕುವವಳು ಅವಳೇ. ಅವಳ ಅತ್ತೆಯನ್ನು ನಾನು, ಅಧ್ಯಕ್ಷೆ ಇಬ್ಬರೂ ಹೋಗಿ ಮಾತಾಡಿಸಿದೆವು. “ಹಾಲು ನಾನು ಹಾಕ್ತೀನಿ, ಸಂಜೆ ಇವಳು ಬೇಗ ಬರ್ಬೇಕು,” ಎಂದರು ಅತ್ತೆ. ಸಂಜೆಯ ಹೊತ್ತಿಗೆ ತರಬೇತಿಯಾಗಿದ್ದ ಇನ್ನೊಬ್ಬಾಕೆಯನ್ನು ಕರೆದು ಪಾಳಿ ಹೊಂದಿಸಿದೆವು.

ಮೊದಲ ಬೆಳಿಗ್ಗೆ, ಕೂಲಿಯವರನ್ನು ತೋಟಗಳಿಗೆ ಕರೆದೊಯ್ಯುವ ಮೇಸ್ತ್ರಿ ಟೆಂಪೊದಿಂದ ಇಳಿಯಲೂ ಇಲ್ಲ, ಹಾರನ್ ಒತ್ತುತ್ತಲೇ ಇದ್ದ. ಹೊಂಗೆಮರದ ತಾಯಿ ಒಬ್ಬಳೇ ಮಗನನ್ನು ಬಿಟ್ಟಳು. ಉಳಿದವರು ಮಕ್ಕಳನ್ನು ಎತ್ತಿಕೊಂಡೇ ಟೆಂಪೊ ಹತ್ತಿದರು. ಇವಳ ಮಗುವಿಗೆ ಏನಾಗುತ್ತದೋ ನೋಡೋಣ ಎಂಬಂತೆ. ಆ ಹುಡುಗ ಟೆಂಪೊ ತಿರುವು ದಾಟಿದ್ದನ್ನು ಕಂಡು ಅಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ರಾಗಿ ಗಂಜಿ ಬೇಡ, ಆಟಿಕೆ ಬೇಡ, ಜೋಲಿ ಬೇಡ. ನಾನು ಗಾಬರಿಯಾಗಿ ತಾಯಿಯನ್ನು ಕರೆತರಲು ಸ್ಕೂಟರ್ ತೆಗೆದೆ.

“ಎಲ್ಲಿಗೆ ಸಾರ್?” ಎಂದು ಹಿರಿಯಾಕೆ ತಡೆದರು. “ಅವಳಿಗೆ ಇವತ್ತಿನ ಕೂಲಿ ಹೋಗ್ತದೆ. ನಾಳೆ ಬಿಡಲ್ಲ. ಅಳ್ಲಿ. ನಾನು ಎತ್ಕೊಂಡಿರ್ತೀನಿ.”

ಮಧ್ಯಾಹ್ನದವರೆಗೂ ಅವರು ಅವನನ್ನು ಸೊಂಟದಿಂದ ಇಳಿಸಲಿಲ್ಲ. ಎತ್ತಿಕೊಂಡೇ ಅನ್ನ ಬೇಯಿಸಿದರು, ಎತ್ತಿಕೊಂಡೇ ನೆಲ ಗುಡಿಸಿದರು, ಅವನ ಕಿವಿಯಲ್ಲಿ ತೆಲುಗಿನಲ್ಲಿ ಏನೇನೋ ಹೇಳುತ್ತಲೇ ಇದ್ದರು. ಊಟದ ಹೊತ್ತಿಗೆ ಅವನು ಸಾಕಾಗಿ ಅವರ ಹೆಗಲ ಮೇಲೆ ನಿದ್ದೆ ಹೋದ. ಎದ್ದಾಗ ಮೊಟ್ಟೆ ತಿಂದ. ಸಂಜೆ ತಾಯಿ ಬಂದಾಗ ಅವಳನ್ನು ನೋಡಿ ಮತ್ತೆ ಅತ್ತ. ಅವಳು ಅವನ ಹೊಟ್ಟೆ ಮುಟ್ಟಿ ನೋಡಿ, “ತುಂಬೈತೆ,” ಎಂದಳು. ಆ ಒಂದು ಮಾತು ಮರುದಿನ ಟೆಂಪೊದಲ್ಲಿ ಏನು ಕೆಲಸ ಮಾಡಿತೋ ನನಗೆ ಗೊತ್ತಿಲ್ಲ. ಆ ವಾರ ಇನ್ನೂ ಕೆಲವು ಮಕ್ಕಳು ಬಂದವು.

ಮೇಸ್ತ್ರಿಯ ಗೊಣಗಾಟ ಮಾತ್ರ ನಿಂತಿರಲಿಲ್ಲ. ಮಕ್ಕಳನ್ನು ಒಳಗೆ ಬಿಟ್ಟು ಬರಲು ತಡವಾಗುತ್ತದೆ ಎಂದು ಒಂದು ಬೆಳಿಗ್ಗೆ ಇಬ್ಬರು ತಾಯಂದಿರನ್ನು ಬಿಟ್ಟೇ ಹೊರಟುಬಿಟ್ಟ. ಅಧ್ಯಕ್ಷೆ ಅವನನ್ನು ಬೈಯುತ್ತಾರೆಂದುಕೊಂಡಿದ್ದೆ. ಅವರು ತಮ್ಮ ತೋಟದಲ್ಲಿ ಅವನಿಗೆ ಟೀ ಕೊಟ್ಟು ಕೂರಿಸಿದರು.

“ಮಗು ಜೊತೇಲಿದ್ರೆ ಅವಳು ಎಷ್ಟು ಸಲ ಸಾಲು ಬಿಟ್ಟು ಓಡ್ತಾಳೆ, ನೋಡಿಲ್ವಾ ನೀನು? ಹಾಲು ಕುಡಿಸಕ್ಕೊಂದ್ಸಲ, ಅತ್ರೊಂದ್ಸಲ, ಸುಮ್ನಾದ್ರೊಂದ್ಸಲ. ಅಲ್ಲಿ ಭವನದ ಹತ್ರ ಸ್ವಲ್ಪ ನಿಂತ್ರೆ ನಿನಗೆ ಇಲ್ಲಿ ತೋಟದಲ್ಲಿ ಹೊತ್ತು ಉಳೀತದೆ. ಲೆಕ್ಕ ನೀನೇ ಹಾಕ್ಕೋ.”

ಅವನು ಟೀ ಮುಗಿಸಿ ಲೋಟ ಕೆಳಗಿಟ್ಟ. “ಸರಿ ಅಕ್ಕಾ, ಒಳಗೆ ಬಿಟ್ಬರೋಗಂಟ ನಿಲ್ತೀನಿ. ಹರಟೆ ಹೊಡೀಬಾರ್ದು ಅಂತ ಹೇಳಿ,” ಎಂದ. ಆಮೇಲೆ ಅವನೇ ಇನ್ನೊಂದು ಹಳ್ಳಿಯ ಹೆಂಗಸರಿಗೂ ಹೇಳಿ ಅವರ ಮಕ್ಕಳನ್ನೂ ದಾರಿಯಲ್ಲಿ ಕೂಸಿನ ಮನೆಗೆ ಇಳಿಸತೊಡಗಿದ.

ಎರಡನೆಯ ಕಂತಿಗೆ ಮೊದಲು ಕೋಲಾರದಿಂದ ಅಧಿಕಾರಿಯೊಬ್ಬರು ಪರಿಶೀಲನೆಗೆ ಬಂದರು. ಯಾವ ಹೊತ್ತಿಗೆ ಬರುತ್ತಾರೆಂದು ತಿಳಿಸಿರಲಿಲ್ಲ. ಅವರ ಜೀಪು ನೇರ ಹಳೆಯ ಕೋಣೆಗೆ ಹೋಗಿತ್ತು. ಅಲ್ಲಿ ಅಂಗನವಾಡಿ ಮಕ್ಕಳು ಆನೆಯ ಚಿತ್ರದ ಕೆಳಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದವು. ಅಲ್ಲಿಂದಲೇ, ಮುಂದಿನ ಕಚೇರಿಯಲ್ಲಿದ್ದ ನನಗೆ ಫೋನು. ನಾನು ಸಭೆಯ ನಿರ್ಣಯದ ಪ್ರತಿ ಹಿಡಿದು ಓಡಿದೆ. ದಾರಿಯಲ್ಲೆಲ್ಲ ವಿವರಿಸುತ್ತ ಅವರನ್ನು ಭವನಕ್ಕೆ ಕರೆದುಕೊಂಡು ಹೋದೆ.

ಬಾಗಿಲ ತಡೆಯ ಆಚೆ ಹಿರಿಯಾಕೆ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ಒಳಗೆ ಎಲ್ಲ ಮಕ್ಕಳೂ ಮಲಗಿದ್ದವು. ಸೀರೆಯ ಜೋಲಿಗಳಲ್ಲಿ ಚಿಕ್ಕವು, ಚಾಪೆಯ ಮೇಲೆ ಒಂದರ ಮೇಲೊಂದು ಕಾಲು ಹಾಕಿಕೊಂಡು ದೊಡ್ಡವು. ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ.

ಅಧಿಕಾರಿ ಪಿಸುಗುಟ್ಟಿದರು, “ಒಂದು ಫೋಟೊ ಬೇಕಿತ್ತಲ್ಲ. ಎಬ್ಬಿಸಿ ಕೂರಿಸೋಕಾಗುತ್ತಾ?”

“ಈಗ್ತಾನೇ ಮಲಗವ್ರೆ ಸಾರ್,” ಎಂದರು ಹಿರಿಯಾಕೆ, ಅಷ್ಟೇ ಮೆಲ್ಲಗೆ. “ಒಂದು ಎದ್ರೆ ಎಲ್ಲಾ ಏಳ್ತವೆ. ಆಮೇಲೆ ನೀವು ಹೋಗ್ತೀರ, ನಾನಿರ್ಬೇಕು.”

ಅಧಿಕಾರಿ ಆಕೆಯನ್ನು ನೋಡಿದರು, ಬೂಟು ಕಳಚಿದರು, ತಡೆ ದಾಟಿ ಒಳಗೆ ಹೋಗಿ ಒಂದು ಮೂಲೆಯಿಂದ ನಿದ್ದೆಯ ಮಕ್ಕಳ ಫೋಟೊ ತೆಗೆದರು. ಒಂದು ಜೋಲಿ ನಿಂತುಹೋಗಿತ್ತು, ಬರುವಾಗ ಅದನ್ನು ಎರಡು ಸಲ ತೂಗಿ ಬಂದರು. ಹೊರಗೆ ಬೂಟು ಹಾಕಿಕೊಳ್ಳುತ್ತ, “ಹಳೇ ಕೋಣೆ ಅಂಗನವಾಡಿಗೆ ಕೊಟ್ಟಿದ್ದು ನಿರ್ಣಯದಲ್ಲಿದೆಯಾ?” ಎಂದು ಕೇಳಿದರು. ಇದೆ ಎಂದೆ. “ಹಾಗಾದ್ರೆ ಸರಿ.” ಅಷ್ಟಕ್ಕೇ ಜೀಪು ಹತ್ತಿದರು. ಕಂತು ಬಂತು. ಆಡಿಟ್‌ನಲ್ಲಿಯೂ ಪ್ರಶ್ನೆ ಬಂತು. ಅಪ್ಪ ಹೇಳಿದಂತೆ ಉತ್ತರ ಇತ್ತು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಊರೊಳಗಿನ ಮನೆಗಳಿಂದ ಇವತ್ತಿಗೂ ಬರುವ ಮಕ್ಕಳು ಕೆಲವೇ. ಹಿರಿಯ ಸದಸ್ಯರ ಸೊಸೆ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವಳು, ಹೆರಿಗೆಯಾದ ಮೇಲೆ ಬಿಟ್ಟಿದ್ದಳು. ಈಗ ಗಡಿಯ ಆಚೆಗಿನ ಶಾಲೆಯಲ್ಲಿ ಪಾಠ ಹೇಳಲು ಹೋಗುತ್ತಾಳೆ, ಹೋಗುವಾಗ ಮಗಳನ್ನು ಇಲ್ಲಿ ಬಿಡುತ್ತಾಳೆ. ಮಾವನವರು ಮೊಮ್ಮಗಳನ್ನು ಕರೆದೊಯ್ಯಲು ಬರುವುದುಂಟು. ಬಹಳ ದಿನ ರಸ್ತೆಯಲ್ಲೇ ಬೈಕು ನಿಲ್ಲಿಸಿ ಹಾರನ್ ಮಾಡುತ್ತಿದ್ದರು. ಈಚೆಗೆ ಜಗಲಿಯವರೆಗೆ ಬರುತ್ತಾರೆ. ನೀರು ಕೊಟ್ಟರೆ ಕುಡಿಯುತ್ತಾರೆ.

ಸಂಜೆ ಟೆಂಪೊ ಬರುವ ಹೊತ್ತಿಗೆ ನನಗೆ ಅಲ್ಲಿ ಏನಾದರೂ ಕೆಲಸ ಸಿಕ್ಕೇ ಸಿಗುತ್ತದೆ. ಹೆಂಗಸರು ಇಳಿದವರೇ ನಲ್ಲಿಯ ಹತ್ತಿರ ಹೋಗುತ್ತಾರೆ. ಟಮೋಟ ಗಿಡದ ಹಸಿರುಗಪ್ಪು ಜಿಗುಟು ಬೆರಳಿಗೆ ಅಂಟಿದರೆ ಬೇಗ ಬಿಡುವುದಿಲ್ಲ. ಒಂದು ಹಣ್ಣನ್ನೇ ಹಿಸುಕಿ ಉಜ್ಜಿ ತೊಳೆಯುತ್ತಾರೆ. ಮಕ್ಕಳು ತಡೆಯ ಹಲಗೆ ಹಿಡಿದುಕೊಂಡು ಸಾಲಾಗಿ ನಿಂತು ಕೂಗುತ್ತಿರುತ್ತವೆ. ಯಾರ ಅಮ್ಮ ಮೊದಲು ಕೈ ಒರೆಸಿಕೊಂಡು ಬರುತ್ತಾಳೋ ಆ ಮಗುವಿನ ಕೂಗು ನಿಲ್ಲುತ್ತದೆ. ಎಲ್ಲರೂ ಕೂಡಲೇ ಮನೆಗೆ ಹೋಗುವುದಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಾರೆ. ಯಾರ ಮಗು ಏನು ತಿಂದಿತು, ಯಾರದು ಯಾರನ್ನು ಕಚ್ಚಿತು ಎಂದು ಹಿರಿಯಾಕೆ ವರದಿ ಒಪ್ಪಿಸುತ್ತಾರೆ. ಕೇಳುತ್ತ ಅವರೆಲ್ಲ ನಗುತ್ತಾರೆ.

ಈ ವರ್ಷದ ಆಯವ್ಯಯದ ಸಭೆಗೆ ನಾನು ತಯಾರಾಗಿಯೇ ಹೋಗಿದ್ದೆ. ಇನ್ನು ಮುಂದೆ ಕೂಸಿನ ಮನೆಯ ಖರ್ಚನ್ನು ಪಂಚಾಯಿತಿಯ ಸ್ವಂತ ವರಮಾನದಲ್ಲಿ ತೋರಿಸಬೇಕಿತ್ತು. ಹೆದ್ದಾರಿ ಬದಿಯ ಡಾಬಾ, ಗೋಡೌನುಗಳ ಕಂದಾಯದಿಂದ ಅದನ್ನು ಹೇಗೆ ಹೊಂದಿಸಬಹುದೆಂದು ಬರೆದುಕೊಂಡಿದ್ದೆ. ಯಾರು ಏನು ಆಕ್ಷೇಪ ಎತ್ತಬಹುದು, ಅದಕ್ಕೆ ನಾನು ಏನು ಹೇಳಬೇಕು ಎಂದು ಬರುವ ದಾರಿಯಲ್ಲೆಲ್ಲ ಮನಸ್ಸಿನಲ್ಲೇ ವಾದ ಮಾಡಿಕೊಂಡು ಬಂದಿದ್ದೆ.

ಆ ಬಾಬ್ತು ಬಂತು. ಓದಿದೆ. ತಲೆಯೆತ್ತಿ ಕಾದೆ. ಹಿರಿಯ ಸದಸ್ಯರು ಕನ್ನಡಕ ಒರೆಸುತ್ತಿದ್ದರು. ಕಾಲೋನಿಯ ಸದಸ್ಯೆ ಪಕ್ಕದವರ ಹತ್ತಿರ ಮಗಳ ಮದುವೆಯ ಮಾತಾಡುತ್ತಿದ್ದರು.

“ಅದು ಇರೋದೇ ಕದಾ ಸಾರ್,” ಎಂದರು ಅಧ್ಯಕ್ಷೆ, ನಾನು ಯಾಕೆ ನಿಲ್ಲಿಸಿದೆನೆಂದು ಅರ್ಥವಾಗದೆ. “ಮುಂದಿಂದು ಓದಿ.”

ಮುಂದಿನದು ಬೀದಿದೀಪ. ಅದರ ಮೇಲೆ ಸಂಜೆಯವರೆಗೂ ಜಗಳ ನಡೆಯಿತು.